ಇಮೇಲ್‌ಗೆ ಉತ್ತರ ಬರೆಯುವ ಕ್ರಮ: ಓದುವುದರಿಂದ ಜ್ಞಾಪನೆಯವರೆಗೆ

1988ರಲ್ಲಿ ನಾನು ಕೆಲಸಕ್ಕೆ ಸೇರಿದ್ದು ಕಚೇರಿಯೊಂದರ ಟಪಾಲು ವಿಭಾಗಕ್ಕೆ. ಬೆಳಿಗ್ಗೆ ಬಂದ ಪತ್ರಗಳನ್ನು ಆವಕ ವಹಿಯಲ್ಲಿ ದಾಖಲಿಸುವುದು, ಸಂಜೆ ಹೋಗುವ ಪತ್ರಗಳಿಗೆ ಜಾವಕ ಸಂಖ್ಯೆ ಹಾಕುವುದು ನನ್ನ ಪಾಲಿನ ಕೆಲಸ. ಅಲ್ಲಿಂದ ಹೊರಗೆ ಹೋಗುವ ಪ್ರತಿಯೊಂದು ಉತ್ತರದ ನೆತ್ತಿಯ ಮೇಲೆ ಎರಡು ಸಾಲು ಇರಲೇಬೇಕಿತ್ತು: ‘ವಿಷಯ’ ಮತ್ತು ‘ಉಲ್ಲೇಖ’. ಯಾವುದರ ಬಗ್ಗೆ ಬರೆಯುತ್ತಿದ್ದೇವೆ, ನಿಮ್ಮ ಯಾವ ತಾರೀಖಿನ ಪತ್ರಕ್ಕೆ ಇದು ಉತ್ತರ ಎಂಬುದು ಖಚಿತವಾದ ಮೇಲೆಯೇ ಓದುವವರು ‘ಮಾನ್ಯರೇ’ ಎಂಬಲ್ಲಿಗೆ ಬರುತ್ತಿದ್ದರು. ಇಮೇಲ್ ಬಂದ ಮೇಲೆ ಈ ಎರಡೂ ಸಾಲುಗಳನ್ನು ಯಂತ್ರವೇ ತುಂಬಿಕೊಡುತ್ತದೆ ಎಂದು ನಾವು ನಂಬಿಬಿಟ್ಟೆವು. ಯಂತ್ರ ತುಂಬುವುದು ಅರ್ಧ ಮಾತ್ರ. ಉಳಿದ ಅರ್ಧ ನಮ್ಮ ಕೈಯಲ್ಲಿದೆ, ಮತ್ತು ಉತ್ತರದ ಮರ್ಯಾದೆ ಇರುವುದು ಆ ಅರ್ಧದಲ್ಲಿಯೇ.

ಟಪಾಲು ವಿಭಾಗದಿಂದ ಮುಂದೆ ಬೇರೆ ಬೇರೆ ಸಂಸ್ಥೆಗಳ ಪತ್ರವ್ಯವಹಾರ, ವಿಚಾರ ಸಂಕಿರಣಗಳ ಆಹ್ವಾನ, ದೂರು, ವಿಚಾರಣೆ, ವಿನಂತಿ ಎಲ್ಲವಕ್ಕೂ ಉತ್ತರ ಬರೆಯುತ್ತ ಬಂದಿದ್ದೇನೆ. ಕೆಲಸ ನಡೆಯುವ ಅನುಕ್ರಮದಲ್ಲಿಯೇ ಇಲ್ಲಿ ಹೇಳುತ್ತೇನೆ.

ಮೊದಲು: ಪೂರ್ತಿ ಓದಿ, ಪ್ರಶ್ನೆಗಳನ್ನು ಎಣಿಸಿ

ಉತ್ತರದ ಗುಂಡಿ ಒತ್ತುವ ಮೊದಲು ಬಂದ ಇಮೇಲನ್ನು ಕೊನೆಯ ಸಾಲಿನವರೆಗೆ ಓದಿ. ಅದರಲ್ಲಿ ಎಷ್ಟು ಪ್ರಶ್ನೆಗಳಿವೆ ಎಂದು ಬೆರಳಲ್ಲಿ ಎಣಿಸಿ. ಪ್ರಶ್ನಾರ್ಥಕ ಚಿಹ್ನೆ ಇರುವುದನ್ನಷ್ಟೇ ಎಣಿಸಿದರೆ ಸಾಲದು. ‘ವಸತಿಯ ವಿವರ ತಿಳಿದರೆ ಅನುಕೂಲ’ ಎಂಬುದೂ ಪ್ರಶ್ನೆಯೇ. ನಮ್ಮವರು ಬಹಳ ಬಾರಿ ಮುಖ್ಯವಾದ ಪ್ರಶ್ನೆಯನ್ನು ಸಂಕೋಚದಿಂದ ಕೊನೆಗೆ, ಒಂದು ಸಾಮಾನ್ಯ ವಾಕ್ಯದಂತೆ ಇಡುತ್ತಾರೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಧಾರವಾಡದಲ್ಲಿ ನಡೆದ ಒಂದು ಸಂಕಿರಣಕ್ಕೆ ಮೈಸೂರಿನಿಂದ ಬರಬೇಕಿದ್ದ ವಿದುಷಿಯೊಬ್ಬರು ಮೂರು ಸಂಗತಿ ಕೇಳಿದ್ದರು. ಯಾವ ನಿಲ್ದಾಣದಲ್ಲಿ ಇಳಿಯಬೇಕು, ಪರದೆ ಮತ್ತು ಪ್ರೊಜೆಕ್ಟರ್ ಇದೆಯೇ ಎಂಬುದು ಮೊದಲೆರಡು. ಕೊನೆಯಲ್ಲಿ ‘ತಾಯಿಯವರು ಜೊತೆಗಿದ್ದಾರೆ, ಅವರನ್ನೂ ಕರೆತರಲು ಸಾಧ್ಯವಾದರೆ ಒಳ್ಳೆಯದಿತ್ತು’ ಎಂದು ಬರೆದಿದ್ದರು. ನಾನು ಮೊದಲಿನ ಎರಡಕ್ಕೆ ಚೆನ್ನಾಗಿ ಉತ್ತರಿಸಿ ಕಳುಹಿಸಿದೆ. ಮೂರನೆಯದು ಕಣ್ಣಿಗೆ ಬೀಳಲೇ ಇಲ್ಲ. ಅವರು ಅದನ್ನು ನಿರಾಕರಣೆ ಎಂದು ತಿಳಿದರು. ಎಂಬತ್ತು ದಾಟಿದ ತಾಯಿಯನ್ನು ನೆರೆಮನೆಯವರಿಗೆ ಒಪ್ಪಿಸಿ ಬಂದರು. ಎರಡು ದಿನವೂ ಬಿಡುವು ಸಿಕ್ಕಾಗಲೆಲ್ಲ ಮನೆಗೆ ಫೋನ್ ಮಾಡುತ್ತಿದ್ದರು. ಅತಿಥಿಗೃಹದಲ್ಲಿ ಎರಡು ಕೋಣೆ ಖಾಲಿ ಇದ್ದವು. ಅಂದಿನಿಂದ ನಾನು ಎಣಿಸದೆ ಉತ್ತರಿಸಿಲ್ಲ.

ಉತ್ತರ ನಿಮ್ಮಿಂದಲೇ ಬರಬೇಕೇ ಎಂದು ನೋಡಿ

ವಿಳಾಸದ ಜಾಗದಲ್ಲಿ ನಿಮ್ಮ ಹೆಸರು ಎಲ್ಲಿದೆ? ‘ಟು’ ಎಂಬಲ್ಲಿದ್ದರೆ ಉತ್ತರ ನಿಮ್ಮ ಹೊಣೆ. ‘ಸಿ.ಸಿ.’ ಎಂಬಲ್ಲಿದ್ದರೆ ನಿಮಗೆ ಬಂದಿರುವುದು ಮಾಹಿತಿಗಾಗಿ ಒಂದು ಪ್ರತಿ. ಈ ಎರಡಕ್ಷರದ ಮೂಲ ಟೈಪ್‌ರೈಟರ್ ಕಾಲದ ಕಾರ್ಬನ್ ಪ್ರತಿ. ಹಾಳೆಗಳ ನಡುವೆ ನೀಲಿ ಕಾರ್ಬನ್ ಇಟ್ಟು ಟೈಪ್ ಮಾಡಿ, ಕೆಳಗೆ ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಹೆಸರುಗಳನ್ನು ಬರೆಯುತ್ತಿದ್ದೆವು. ಆ ಪ್ರತಿ ಸಿಕ್ಕವರು ಓದಿ ಕಡತಕ್ಕೆ ಸೇರಿಸುತ್ತಿದ್ದರು, ಉತ್ತರ ಬರೆಯುತ್ತಿರಲಿಲ್ಲ. ಈಗಲೂ ಅದೇ ಕ್ರಮ ಸರಿ. ಪತ್ರದಲ್ಲಿ ತಪ್ಪು ಮಾಹಿತಿ ಇದ್ದರೆ, ಅಥವಾ ನಿಮ್ಮನ್ನೇ ಹೆಸರಿಸಿ ಏನಾದರೂ ಕೇಳಿದ್ದರೆ ಮಾತ್ರ ಬರೆಯಿರಿ.

ನಿಮಗೆ ಸಂಬಂಧಿಸದ ಪತ್ರ ನಿಮ್ಮ ‘ಟು’ ವಿಳಾಸಕ್ಕೇ ಬಂದಿದ್ದರೆ ಸುಮ್ಮನಿರಬೇಡಿ. ‘ಈ ಕೆಲಸವನ್ನು ನೋಡಿಕೊಳ್ಳುವವರು ಲೆಕ್ಕಪತ್ರ ವಿಭಾಗದವರು, ತಮ್ಮ ಪತ್ರವನ್ನು ಅವರಿಗೆ ಕಳುಹಿಸಿದ್ದೇನೆ’ ಎಂಬ ಒಂದು ಸಾಲು ಸಾಕು. ಕೇಳಿದವರ ಕಾಯುವಿಕೆಗೆ ಒಂದು ದಿಕ್ಕು ಸಿಗುತ್ತದೆ.

ಕೂಡಲೇ ಉತ್ತರಿಸಲಾಗದಿದ್ದರೆ ಸ್ವೀಕೃತಿ ಕಳುಹಿಸಿ

ಅಂತರ್ಜಾಲದ ತಾಂತ್ರಿಕ ದಾಖಲೆಗಳ ಸಾಲಿನಲ್ಲಿ 1995ರ ಅಕ್ಟೋಬರಿನಲ್ಲಿ ಪ್ರಕಟವಾದ ‘ಆರ್‌ಎಫ್‌ಸಿ 1855’ ಎಂಬ ದಾಖಲೆಯಿದೆ. ಇಂಟೆಲ್ ಸಂಸ್ಥೆಯ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ಆ ಶಿಷ್ಟಾಚಾರದ ಕೈಪಿಡಿಯಲ್ಲಿ ಒಂದು ಸಲಹೆ ಇದೆ: ಪತ್ರ ಮುಖ್ಯವಾದದ್ದಾದರೆ, ವಿವರವಾದ ಉತ್ತರ ಆಮೇಲೆ ಬರೆಯುವುದಾದರೂ, ತಲುಪಿತು ಎಂದು ಕೂಡಲೇ ಚುಟುಕಾಗಿ ತಿಳಿಸಿ. ಇಷ್ಟು ವರ್ಷ ಕಳೆದರೂ ಇದಕ್ಕಿಂತ ಉಪಯುಕ್ತವಾದ ಸಲಹೆಯನ್ನು ನಾನು ಕಂಡಿಲ್ಲ.

ಸ್ವೀಕೃತಿಯಲ್ಲಿ ಒಂದು ದಿನಾಂಕ ಇರಬೇಕು. ‘ತಮ್ಮ ಪತ್ರ ತಲುಪಿದೆ. ಖಜಾಂಚಿಯವರೊಂದಿಗೆ ಮಾತನಾಡಿ ಗುರುವಾರದೊಳಗೆ ತಿಳಿಸುತ್ತೇನೆ’ ಎಂದು ಬರೆದರೆ ಅವರು ಗುರುವಾರದವರೆಗೆ ನೆಮ್ಮದಿಯಾಗಿರುತ್ತಾರೆ. ‘ಆದಷ್ಟು ಬೇಗ ತಿಳಿಸಲಾಗುವುದು’ ಎಂದರೆ ಮರುದಿನದಿಂದಲೇ ದಿನಕ್ಕೆ ನಾಲ್ಕು ಬಾರಿ ಅಂಚೆಪೆಟ್ಟಿಗೆ ತೆರೆದು ನೋಡುತ್ತಾರೆ. ಗುರುವಾರ ಬಂದರೂ ಖಜಾಂಚಿಯವರು ಸಿಗಲಿಲ್ಲ ಎಂದಾದರೆ, ಅದನ್ನೇ ಗುರುವಾರ ಬರೆಯಿರಿ.

ಸಾಮಾನ್ಯ ಕಚೇರಿ ಪತ್ರಗಳಿಗೆ ಎರಡು ಕೆಲಸದ ದಿನಗಳನ್ನು ನನ್ನ ಮಿತಿಯಾಗಿ ಇಟ್ಟುಕೊಂಡಿದ್ದೇನೆ. ಸಾವಿನ ಸುದ್ದಿ, ಕಾಯಿಲೆ, ಹಣದ ತುರ್ತು ಇದ್ದ ಪತ್ರಕ್ಕೆ ಆ ದಿನವೇ ಉತ್ತರ ಹೋಗಬೇಕು.

ಯಾರಿಗೆ ಹೋಗಬೇಕು ಎಂದು ನಿರ್ಧರಿಸಿ

ಉತ್ತರದ ಗುಂಡಿಗಳು ಎರಡು. ಒಂದು ಬರೆದವರಿಗೆ ಮಾತ್ರ, ಇನ್ನೊಂದು ಪಟ್ಟಿಯಲ್ಲಿರುವ ಎಲ್ಲರಿಗೂ. ಎರಡನೆಯದಾದ ‘ರಿಪ್ಲೈ ಆಲ್’ ಮಾಡಿರುವ ಹಾನಿ ಸಣ್ಣದಲ್ಲ. 1997ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೊಳಗೆ ಸಾವಿರಾರು ಉದ್ಯೋಗಿಗಳಿದ್ದ ‘ಬೆಡ್‌ಲಾಮ್ ಡಿಎಲ್ 3’ ಎಂಬ ಪಟ್ಟಿಗೆ ಒಬ್ಬರು ‘ನನ್ನನ್ನು ಇದರಿಂದ ತೆಗೆಯಿರಿ’ ಎಂಬರ್ಥದಲ್ಲಿ ಬರೆದರು. ‘ನನ್ನನ್ನೂ’ ಎಂದು ಮತ್ತೊಬ್ಬರು ಎಲ್ಲರಿಗೂ ಉತ್ತರಿಸಿದರು. ‘ಎಲ್ಲರಿಗೂ ಉತ್ತರಿಸುವುದನ್ನು ನಿಲ್ಲಿಸಿ’ ಎಂದು ಇನ್ನು ಕೆಲವರು ಎಲ್ಲರಿಗೂ ಬರೆದರು. ಕಂಪನಿಯ ಅಂಚೆ ವ್ಯವಸ್ಥೆಯೇ ಕುಸಿಯಿತು. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾರ್ಥ ಇಮೇಲ್ ಎಂಟು ಲಕ್ಷಕ್ಕೂ ಹೆಚ್ಚು ಸಿಬ್ಬಂದಿಗೆ ಹೋಗಿ, ಅದೇ ಬಗೆಯ ಉತ್ತರಗಳ ಪ್ರವಾಹದಲ್ಲಿ ವ್ಯವಸ್ಥೆ ತೆವಳುವಂತಾಯಿತು. ಕೊನೆಗೆ 2020ರಲ್ಲಿ ಮೈಕ್ರೋಸಾಫ್ಟ್ ತನ್ನ ಇಮೇಲ್ ಸೇವೆಯಲ್ಲಿ ಒಂದು ತಡೆಯನ್ನೇ ಅಳವಡಿಸಿತು: 5,000ಕ್ಕೂ ಹೆಚ್ಚು ಜನರಿರುವ ಪಟ್ಟಿಗೆ ಒಂದು ಗಂಟೆಯೊಳಗೆ ಹತ್ತು ಬಾರಿ ‘ರಿಪ್ಲೈ ಆಲ್’ ಬಂದರೆ ಮುಂದಿನ ಕೆಲವು ಗಂಟೆ ಆ ಮಾತುಕತೆಯ ಎಳೆಯಲ್ಲಿ ಎಲ್ಲರಿಗೂ ಉತ್ತರಿಸುವುದೇ ನಿಲ್ಲುತ್ತಿತ್ತು.

ನಮ್ಮ ನಿಮ್ಮ ಪಟ್ಟಿಗಳಲ್ಲಿ ಮೂವತ್ತು ನಲವತ್ತು ಜನ ಇರಬಹುದು. ಅಲ್ಲಿಯೂ ಪರೀಕ್ಷೆ ಒಂದೇ: ಈ ಮಾತು ತಿಳಿಯದಿದ್ದರೆ ಪಟ್ಟಿಯಲ್ಲಿರುವ ಇತರರ ಕೆಲಸ ಕೆಡುತ್ತದೆಯೇ? ಸಭೆಯ ಸ್ಥಳ ಬದಲಾಗಿದ್ದರೆ ಎಲ್ಲರಿಗೂ ಹೇಳಿ. ‘ಧನ್ಯವಾದ’, ‘ಅಭಿನಂದನೆ’, ‘ನಾನು ಬರುತ್ತೇನೆ’ ಎಂಬುವು ಬರೆದವರಿಗೆ ಮಾತ್ರ ಹೋಗಲಿ. ಇನ್ನೊಬ್ಬರ ತಪ್ಪು ತೋರಿಸುವ ಮಾತಂತೂ ಅವರೊಬ್ಬರಿಗೇ ಹೋಗಲಿ. ಆದರೆ ಮೂರು ನಾಲ್ಕು ಜನ ಕೂಡಿ ಮಾಡುತ್ತಿರುವ ಕೆಲಸದಲ್ಲಿ ಒಬ್ಬರಿಗೆ ಮಾತ್ರ ಉತ್ತರಿಸಿ ಉಳಿದವರನ್ನು ಕತ್ತಲಲ್ಲಿಡುವುದೂ ಅಷ್ಟೇ ಕೆಟ್ಟದ್ದು.

‘ಬಿ.ಸಿ.ಸಿ.’ಯಲ್ಲಿ ನಿಮಗೆ ಪತ್ರ ಬಂದಿದೆ ಎಂದರೆ, ನೀವು ಓದುತ್ತಿರುವುದು ಉಳಿದವರಿಗೆ ತಿಳಿದಿಲ್ಲ ಎಂದರ್ಥ. ಅಲ್ಲಿಂದ ಎಲ್ಲರಿಗೂ ಉತ್ತರಿಸಿದರೆ ಕಳುಹಿಸಿದವರು ಮುಜುಗರಕ್ಕೆ ಸಿಲುಕುತ್ತಾರೆ. ಈ ಜಾಗಕ್ಕೆ ಒಳ್ಳೆಯ ಉಪಯೋಗವೂ ಇದೆ. ಯಾರೋ ನಿಮಗೆ ಒಬ್ಬರನ್ನು ಇಮೇಲಿನಲ್ಲಿ ಪರಿಚಯಿಸಿದರೆ, ನಿಮ್ಮ ಉತ್ತರದಲ್ಲಿ ಪರಿಚಯಿಸಿದವರನ್ನು ಬಿ.ಸಿ.ಸಿ.ಗೆ ಸರಿಸಿ ‘ಪರಿಚಯ ಮಾಡಿಸಿದ್ದಕ್ಕೆ ಕೃತಜ್ಞ, ಇನ್ನು ಮುಂದಿನ ಮಾತು ನಾವಿಬ್ಬರೇ ಆಡುತ್ತೇವೆ’ ಎಂದು ಬರೆಯಿರಿ. ಕೆಲಸ ಕೂಡಿಬಂದದ್ದು ಅವರಿಗೆ ತಿಳಿಯುತ್ತದೆ, ಮುಂದಿನ ಪತ್ರಗಳ ಹೊರೆ ತಪ್ಪುತ್ತದೆ.

ವಿಷಯದ ಸಾಲನ್ನು ಸರಿಪಡಿಸಿ

ಉತ್ತರಿಸುವಾಗ ವಿಷಯದ ಮುಂದೆ ತಾನಾಗಿ ಬಂದು ಕೂರುವ ‘ರೆ’ ಎಂಬುದು ‘ಈ ವಿಷಯದಲ್ಲಿ’ ಎಂಬರ್ಥದ ‘ಇನ್ ರೆ’ ಎಂಬ ಲ್ಯಾಟಿನ್ ನುಡಿಯ ಸಂಕ್ಷೇಪ. ನಮ್ಮ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬುದರ ನೆಂಟ ಅದು. ಮಾತು ಅದೇ ವಿಷಯದ ಮೇಲಿರುವವರೆಗೆ ಆ ಸಾಲನ್ನು ಮುಟ್ಟಬೇಡಿ. ಜಿಮೇಲ್‌ನಂತಹ ಸೇವೆಗಳು ಒಂದೇ ಮಾತುಕತೆಯ ಪತ್ರಗಳನ್ನು ಒಟ್ಟಿಗೆ ಕಟ್ಟಿಡುತ್ತವೆ. ವಿಷಯದ ಸಾಲು ಬದಲಿಸಿದರೆ ಎಳೆ ಕಡಿದು ಹೊಸದಾಗುತ್ತದೆ.

ಮಾತು ಬದಲಾದಾಗ ಸಾಲೂ ಬದಲಾಗಬೇಕು. ‘ಯುಗಾದಿ ಕಾರ್ಯಕ್ರಮದ ಆಹ್ವಾನ’ ಎಂಬ ತಲೆಬರಹದ ಕೆಳಗೆ ಇಪ್ಪತ್ತು ಉತ್ತರಗಳಾದ ಮೇಲೆ ಸಭಾಂಗಣದ ಬಾಡಿಗೆಯ ರಸೀದಿ ಕೂತಿದ್ದರೆ, ಮಾರ್ಚ್‌ನಲ್ಲಿ ಲೆಕ್ಕ ತಪಾಸಣೆಯವರು ಕೇಳಿದಾಗ ಅದು ಸಿಗುವುದಿಲ್ಲ. ಅಂಥ ಸಂದರ್ಭದಲ್ಲಿ ‘ಸಭಾಂಗಣದ ಬಾಡಿಗೆ – ರಸೀದಿ’ ಎಂದು ಹೊಸ ಪತ್ರ ಆರಂಭಿಸಿ.

ಸಂಬೋಧನೆ

ಅವರು ತಮ್ಮ ಹೆಸರನ್ನು ಹೇಗೆ ಬರೆದುಕೊಂಡಿದ್ದಾರೋ ಹಾಗೆಯೇ ಬರೆಯಿರಿ. ಲಕ್ಷ್ಮೀ ಎಂದು ದೀರ್ಘವಾಗಿ ಬರೆದುಕೊಳ್ಳುವವರನ್ನು ಲಕ್ಷ್ಮಿ ಎನ್ನುವುದು ಸಣ್ಣ ತಪ್ಪೆನಿಸಬಹುದು, ಆ ಹೆಸರಿನವರಿಗೆ ಅದು ಸಣ್ಣದಲ್ಲ. ಅಪರಿಚಿತರಿಗೆ ‘ಮಾನ್ಯರೇ’ ಎಂಬುದು ಗಂಡು ಹೆಣ್ಣು ಎಂದು ಊಹಿಸುವ ಅಗತ್ಯವಿಲ್ಲದ ಒಳ್ಳೆಯ ಪದ. ಪರಿಚಿತರಿಗೆ ಹೆಸರಿನೊಂದಿಗೆ ‘ಅವರೇ, ನಮಸ್ಕಾರ’ ಚೆನ್ನ. ಹಿರಿಯರಿಗೆ ‘ತಾವು’ ಎಂದು ಶುರು ಮಾಡಿದರೆ ಕೊನೆಯವರೆಗೂ ತಾವು ಎಂದೇ ಇರಲಿ. ನಡುವೆ ‘ನಿಮ್ಮ’ ಎಂದು ಜಾರಿದರೆ ಮೊದಲಿನ ಗೌರವ ತೋರಿಕೆಯದೆನಿಸುತ್ತದೆ.

ಉತ್ತರವನ್ನು ಮೊದಲಿಡಿ, ಉಲ್ಲೇಖವನ್ನು ಜರಡಿ ಹಿಡಿಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ. ಮೊದಲ ವಾಕ್ಯದಲ್ಲಿಯೇ ಅವರು ಕೇಳಿದ್ದಕ್ಕೆ ಉತ್ತರ ಸಿಗಬೇಕು. ಕಾರಣ, ಹಿನ್ನೆಲೆ, ಸೌಜನ್ಯದ ಮಾತು ಎಲ್ಲ ಅದರ ನಂತರ. ‘ಹೌದು, 14ರಂದು ಸಭಾಂಗಣ ಖಾಲಿ ಇದೆ’ ಎಂದು ತೆರೆದುಕೊಂಡ ಪತ್ರವನ್ನು ಬಸ್ಸಿನಲ್ಲಿ ನಿಂತು ಮೊಬೈಲಿನಲ್ಲಿ ಓದುವವರೂ ಅರಿತುಕೊಳ್ಳುತ್ತಾರೆ.

ಇನ್ನು ಉಲ್ಲೇಖದ ಮಾತು. ನೀವು ಉತ್ತರಿಸುವಾಗ ಹಳೆಯ ಪತ್ರ ಪೂರ್ತಿಯಾಗಿ ಕೆಳಗೆ ಬಂದು ಸೇರುತ್ತದೆ. ಅದನ್ನು ಹಾಗೆಯೇ ಬಿಟ್ಟು, ಮೇಲೆ ‘ಹೌದು, ಆಗಬಹುದು’ ಎಂದು ಬರೆದರೆ ಯಾವುದು ಆಗಬಹುದು? ಬರೆದವರು ಅಂದು ಮೂವತ್ತು ಪತ್ರ ಬರೆದಿರುತ್ತಾರೆ. ನಿಮ್ಮ ಎರಡು ಪದ ಅರ್ಥವಾಗಬೇಕಾದರೆ ಕೆಳಗಿನದನ್ನೆಲ್ಲ ಮತ್ತೆ ಓದಬೇಕು. ನೀವು ಉಳಿಸಿಕೊಂಡ ಒಂದು ನಿಮಿಷವನ್ನು ಅವರು ಐದರಷ್ಟು ತೆರಬೇಕಾಗುತ್ತದೆ.

ಒಂದೇ ಪ್ರಶ್ನೆ ಇದ್ದರೆ ಪ್ರಶ್ನೆಯನ್ನೇ ಉತ್ತರದೊಳಗೆ ಹೆಣೆಯಿರಿ: ‘ಪುಸ್ತಕಗಳನ್ನು ಅಂಚೆಯಲ್ಲಿ ಕಳುಹಿಸಬಹುದೇ ಎಂದು ಕೇಳಿದ್ದಿರಿ, ಕಳುಹಿಸಬಹುದು.’ ಹೆಚ್ಚು ಪ್ರಶ್ನೆಗಳಿದ್ದರೆ ಅವರ ಪತ್ರದಿಂದ ಬೇಕಾದ ಸಾಲುಗಳನ್ನಷ್ಟೇ ಉಳಿಸಿಕೊಂಡು, ಪ್ರತಿಯೊಂದರ ಕೆಳಗೆ ಉತ್ತರ ಬರೆಯಿರಿ. ಆ ಸಂಕಿರಣದ ಪತ್ರಕ್ಕೆ ನಾನು ಹೀಗೆ ಬರೆಯಬೇಕಿತ್ತು:

> ಯಾವ ನಿಲ್ದಾಣದಲ್ಲಿ ಇಳಿಯಬೇಕು?

ಧಾರವಾಡದಲ್ಲಿಯೇ ಇಳಿಯಿರಿ. ನಿಲ್ದಾಣಕ್ಕೆ ನಮ್ಮ ಕಾರು ಬರುತ್ತದೆ.

> ಪರದೆ ಮತ್ತು ಪ್ರೊಜೆಕ್ಟರ್ ಇದೆಯೇ?

ಎರಡೂ ಇವೆ. ಪೆನ್ ಡ್ರೈವ್ ತಂದರೆ ಸಾಕು.

> ತಾಯಿಯವರು ಜೊತೆಗಿದ್ದಾರೆ, ಅವರನ್ನೂ ಕರೆತರಲು ಸಾಧ್ಯವಾದರೆ...

ಖಂಡಿತ ಕರೆತನ್ನಿ. ನೆಲಮಹಡಿಯಲ್ಲಿ, ಮೆಟ್ಟಿಲು ಹತ್ತುವ ಅಗತ್ಯವಿಲ್ಲದ ಕೋಣೆಯನ್ನು ಇಬ್ಬರಿಗೂ ಕಾದಿರಿಸುತ್ತೇನೆ.

ಹೀಗೆ ಸಾಲು ಸಾಲಾಗಿ ಉತ್ತರಿಸಿದರೆ ಒಂದು ಪ್ರಶ್ನೆಯೂ ಕೈತಪ್ಪುವುದಿಲ್ಲ. ಕೆಲವು ಕಚೇರಿಗಳಲ್ಲಿ ಹಿಂದಿನ ಪತ್ರವೆಲ್ಲ ಕೆಳಗಿರಬೇಕೆಂಬ ರೂಢಿ ಇದೆ. ಹೊಸಬರು ಸೇರಿದಾಗ ಪೂರ್ವಾಪರ ತಿಳಿಯಲಿ ಎಂಬುದು ಅದರ ಉದ್ದೇಶ. ಆ ರೂಢಿಯನ್ನು ಮುರಿಯಬೇಡಿ, ಆದರೆ ನಿಮ್ಮ ಉತ್ತರ ಕೆಳಗಿನದನ್ನು ಓದದೆಯೂ ಅರ್ಥವಾಗುವಂತಿರಲಿ. ಅವರ ಮಾತನ್ನು ಉಲ್ಲೇಖಿಸುವಾಗ ಒಂದು ಅಕ್ಷರವನ್ನೂ ತಿದ್ದಬೇಡಿ. ಬಿಡುವುದು ತಪ್ಪಲ್ಲ, ಅರ್ಥ ತಿರುಗುವಂತೆ ಬಿಡುವುದು ತಪ್ಪು.

ಕೆಳಗಿರುವ ಹಳೆಯ ಸರಪಳಿಗೆ ಇನ್ನೊಂದು ಅಪಾಯವಿದೆ. ಹೊಸಬರೊಬ್ಬರನ್ನು ಸಿ.ಸಿ.ಗೆ ಸೇರಿಸಿದ ಕ್ಷಣ ಅವರಿಗೆ ಹಿಂದಿನ ಎಲ್ಲ ಮಾತೂ ಕಾಣುತ್ತದೆ: ಯಾರದೋ ಸಂಬಳ, ಯಾರದೋ ಕಾಯಿಲೆ, ಅವರ ಬಗ್ಗೆಯೇ ಯಾರೋ ಆಡಿದ ಮಾತು. ಸೇರಿಸುವ ಮುನ್ನ ತಳದವರೆಗೆ ಇಳಿದು ನೋಡಿ, ಬೇಡದ್ದನ್ನು ಅಳಿಸಿ.

‘ಇಲ್ಲ’ ಎನ್ನಬೇಕಾದಾಗ

ನಮಗೆ ಇಲ್ಲ ಎನ್ನುವುದು ಕಷ್ಟ. ‘ನೋಡೋಣ’, ‘ಪ್ರಯತ್ನಿಸುತ್ತೇನೆ’, ‘ಮುಂದೆ ತಿಳಿಸುತ್ತೇನೆ’ ಎನ್ನುತ್ತೇವೆ. ಎದುರು ಕೂತು ಮಾತನಾಡುವಾಗ ದನಿಯಿಂದ, ಮುಖದಿಂದ ಅದು ಇಲ್ಲವೆಂದು ಕೇಳುವವರಿಗೆ ಗೊತ್ತಾಗುತ್ತದೆ. ಇಮೇಲಿನಲ್ಲಿ ದನಿಯಿಲ್ಲ. ‘ನೋಡೋಣ’ ಎಂದು ಓದಿದವರು ನಿಜವಾಗಿಯೂ ಕಾಯುತ್ತಾರೆ, ಬೇರೆಯವರನ್ನು ಕೇಳದೆ ಉಳಿಯುತ್ತಾರೆ. ಅವರ ಕಾಲವನ್ನು ಹಾಗೆ ಹಾಳು ಮಾಡುವುದಕ್ಕಿಂತ ಸ್ಪಷ್ಟವಾದ ನಿರಾಕರಣೆ ಎಷ್ಟೋ ಕರುಣೆಯದು.

ನಿರಾಕರಣೆಗೆ ಮೂರು ವಾಕ್ಯ ಸಾಕು. ಕೇಳಿದ್ದಕ್ಕೆ ಸಂತೋಷ, ಆಗುವುದಿಲ್ಲ ಎಂಬ ನೇರ ಮಾತು, ಸಾಧ್ಯವಿದ್ದರೆ ಬೇರೆ ದಾರಿ. ‘ತಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದದ್ದು ಸಂತೋಷ. ಆ ದಿನ ಊರಿನಲ್ಲಿರುವುದಿಲ್ಲವಾದ್ದರಿಂದ ಬರಲಾಗುವುದಿಲ್ಲ. ಫೆಬ್ರವರಿಯಲ್ಲಿ ಮಕ್ಕಳೊಂದಿಗೆ ಒಂದು ಮಧ್ಯಾಹ್ನ ಕಳೆಯುವುದಾದರೆ ಖಂಡಿತ ಬರುತ್ತೇನೆ.’ ನಿಜವಾಗಿ ಬರುವ ಮನಸ್ಸಿದ್ದರೆ ಮಾತ್ರ ಕೊನೆಯ ವಾಕ್ಯ ಬರೆಯಿರಿ. ಉದ್ದುದ್ದ ನೆಪಗಳನ್ನು ಜೋಡಿಸಬೇಡಿ.

ಸಿಟ್ಟು ಬಂದಾಗ

ಮೊದಲು ‘ಟು’ ಜಾಗದಲ್ಲಿರುವ ವಿಳಾಸವನ್ನು ಅಳಿಸಿ. ವಿಳಾಸವಿಲ್ಲದ ಪತ್ರ ಕೈ ಜಾರಿದರೂ ಹೋಗುವುದಿಲ್ಲ. ಆಮೇಲೆ ಬರೆಯಬೇಕೆನಿಸಿದ್ದನ್ನು ಬರೆದು ಕರಡಿನಲ್ಲಿ ಉಳಿಸಿ, ಒಂದು ರಾತ್ರಿ ಬಿಡಿ. ಮೇಲೆ ಹೇಳಿದ 1995ರ ಕೈಪಿಡಿಯೂ ಭಾವಾವೇಶದ ಉತ್ತರಕ್ಕೆ ಒಂದು ರಾತ್ರಿಯ ಗಡುವನ್ನೇ ಹೇಳುತ್ತದೆ. ಬೆಳಿಗ್ಗೆ ಓದುವಾಗ ವ್ಯಕ್ತಿಯ ಬಗ್ಗೆ ಇರುವ ವಾಕ್ಯಗಳನ್ನು ತೆಗೆಯಿರಿ, ಸಂಗತಿಯ ಬಗ್ಗೆ ಇರುವುದನ್ನು ಉಳಿಸಿ. ‘ನೀವು ಯಾವಾಗಲೂ ತಡ ಮಾಡುತ್ತೀರಿ’ ಎಂಬುದು ‘5ನೇ ತಾರೀಖಿಗೆ ಬರಬೇಕಿದ್ದ ಕರಡು 11ಕ್ಕೆ ಬಂತು, ಮುದ್ರಣ ಒಂದು ವಾರ ಮುಂದೆ ಹೋಯಿತು’ ಎಂದಾದರೆ ಉತ್ತರ ಹೇಳಲೇಬೇಕಾದ ಮಾತಾಗುತ್ತದೆ.

ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂತೆಗೆದುಕೊಳ್ಳುವ ಸೌಲಭ್ಯವಿದೆ. ಅದರ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ 5ರಿಂದ 30 ಸೆಕೆಂಡುಗಳವರೆಗೆ ಹೆಚ್ಚಿಸಬಹುದು. ಇವತ್ತೇ 30ಕ್ಕೆ ಇಟ್ಟುಬಿಡಿ. ಎರಡು ಸುತ್ತಿನ ಉತ್ತರದ ನಂತರವೂ ಮಾತು ಬಿಸಿಯಾಗಿಯೇ ಇದ್ದರೆ ಇಮೇಲ್ ಬಿಟ್ಟು ಫೋನ್ ಮಾಡಿ.

ಅಕ್ಷರ, ಲಗತ್ತು, ಸಹಿ

ಕನ್ನಡದಲ್ಲಿ ಬಂದ ಪತ್ರಕ್ಕೆ ಕನ್ನಡದಲ್ಲಿಯೇ ಉತ್ತರಿಸಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಯಾವ ಮೊಬೈಲಿನಲ್ಲಾದರೂ ಓದಬಹುದು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪಠ್ಯವನ್ನು ನೇರವಾಗಿ ಅಂಟಿಸಿದರೆ, ಆ ಫಾಂಟ್ ಇಲ್ಲದವರಿಗೆ ಚುಕ್ಕೆ ಕೊಂಬುಗಳಿರುವ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದು, ಒತ್ತಕ್ಷರ ಅರ್ಕಾವತ್ತುಗಳು ನೆಟ್ಟಗಿವೆಯೇ ಎಂದು ಓದಿ ನೋಡಿ ಕಳುಹಿಸಿ. ವಿದೇಶದಲ್ಲಿರುವ ಮೊಮ್ಮಗ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರೆ ಅವನಿಗೆ ಓದಲು ಬರುವುದು ಅದೇ ಇರಬಹುದು. ಅಲ್ಲಿ ಹಟ ಬೇಡ.

ಲಗತ್ತು ಇದೆ ಎಂದು ಬರೆಯುವ ಮೊದಲೇ ಲಗತ್ತಿಸಿ. ಹಿಂದೆ ಪತ್ರದ ಕೆಳಗೆ ‘ಅಡಕ: 3’ ಎಂದು ಎಣಿಸಿ ಬರೆಯುತ್ತಿದ್ದೆವು, ಆ ಅಭ್ಯಾಸವನ್ನು ನಾನು ಇಮೇಲಿನಲ್ಲೂ ಬಿಟ್ಟಿಲ್ಲ. ಜಿಮೇಲ್‌ನ ಮಿತಿ 25 ಎಂಬಿ. ಕಡತಗಳು ಸಾಗಣೆಯಲ್ಲಿ ಸುಮಾರು ಮೂರನೇ ಒಂದು ಭಾಗ ಹಿಗ್ಗುವುದರಿಂದ ಮಿತಿಯ ಅಂಚಿನವರೆಗೆ ಹೋಗದಿರುವುದು ಕ್ಷೇಮ. ಕಡತದ ಕೊಂಡಿ ಕಳುಹಿಸುವುದಾದರೆ ತೆರೆಯುವ ಅನುಮತಿ ಕೊಟ್ಟಿದ್ದೀರೋ ನೋಡಿ. ಸಹಿಯಲ್ಲಿ ಹೆಸರು, ಹೊಣೆ, ಫೋನ್ ಸಂಖ್ಯೆ: ನಾಲ್ಕು ಸಾಲು ಮೀರದಿರಲಿ.

ಕಳುಹಿಸಿದ ಮೇಲೆ

ನೀವು ಮಾತು ಕೊಟ್ಟ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವರಿಂದ ಮರು ಉತ್ತರ ಬರಬೇಕಿದ್ದರೆ ಒಂದು ವಾರ ಕಾಯಿರಿ. ನಂತರ ಹೊಸ ಪತ್ರ ಬರೆಯದೆ ಅದೇ ಎಳೆಯಲ್ಲಿ ಜ್ಞಾಪನೆ ಕಳುಹಿಸಿ, ಏನು ಬೇಕೆಂದು ಮತ್ತೆ ಒಂದು ಸಾಲಿನಲ್ಲಿ ಹೇಳಿ. ‘ಇನ್ನೂ ಉತ್ತರ ಬಂದಿಲ್ಲ’ ಎಂದು ಶುರು ಮಾಡಬೇಡಿ. ಅವರ ಮನೆಯಲ್ಲಿ ಏನು ನಡೆದಿದೆಯೋ ನಮಗೆ ತಿಳಿಯದು. ‘12ರ ನನ್ನ ಪತ್ರ ತಮ್ಮ ಕೆಲಸದ ನಡುವೆ ಕೆಳಗೆ ಸರಿದಿರಬಹುದು, ಅಚ್ಚಿಗೆ ಕೊಡಲು ತಮ್ಮ ಭಾವಚಿತ್ರವೊಂದು ಬೇಕಿತ್ತು’ ಎಂದು ಬರೆದರೆ ತಡ ಮಾಡಿದವರಿಗೂ ಸಂಕೋಚವಿಲ್ಲದೆ ಉತ್ತರಿಸಲು ದಾರಿ ಸಿಗುತ್ತದೆ. ಎರಡನೆಯ ಜ್ಞಾಪನೆಗೂ ಸದ್ದಿಲ್ಲದಿದ್ದರೆ ಫೋನ್ ಮಾಡಿ, ಮೊದಲು ಅವರ ಆರೋಗ್ಯ ವಿಚಾರಿಸಿ.